ಬಳ್ಳಾರಿ ಬಿಸಿಲಲ್ಲಿ ಗೋಸುಂಬೆ ಸಾಕಣೆ: ನನ್ನ ಅನುಭವ

ಗೋಸುಂಬೆ ಸಾಕೋದರ ಬಗ್ಗೆ ಹುಡುಕಿದರೆ ಸಿಗೋದೆಲ್ಲ ಚಳಿ ದೇಶದವರ ಸಲಹೆ. ಮೊದಲು ಹೀಟ್ ಲ್ಯಾಂಪ್ ತನ್ನಿ ಅಂತಾರೆ. ಬಳ್ಳಾರಿಯಲ್ಲಿ ಲೆಕ್ಕ ಉಲ್ಟಾ. ಏಪ್ರಿಲ್, ಮೇ ಬಂತಂದ್ರೆ 40 ಡಿಗ್ರಿ ದಾಟೋದು ನಮಗೆ ಮಾಮೂಲು. ಇಲ್ಲಿ ಈ ಪ್ರಾಣಿ ಬದುಕೋದು ನೆರಳು, ನೀರು ಮತ್ತು ವಿಷ ತಾಗದ ಹುಳದಿಂದ.

ಮೊದಲೇ ಹೇಳಿಬಿಡುತ್ತೇನೆ. ಜಾಲಿ ಗಿಡದಲ್ಲಿ, ಹೊಲದ ಬದುವಿನಲ್ಲಿ ಕಾಣುವ ನಮ್ಮ ಗೋಸುಂಬೆಯನ್ನು ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ನನ್ನ ಹತ್ತಿರ ಇರೋದು ಯೆಮನ್, ಸೌದಿ ಅರೇಬಿಯಾ ಕಡೆಯ ವೇಲ್ಡ್ (veiled chameleon) ಅನ್ನುವ ಗೋಸುಂಬೆ ಜಾತಿಯ ಹೆಣ್ಣು. ಇಂಥ ವಿದೇಶಿ ಪ್ರಾಣಿಗಳ ನೋಂದಣಿಗೆ ಬಂದ 2024ರ ನಿಯಮದಂತೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆ. ಕಾಗದಪತ್ರ ಕೊಡದವರ ಹತ್ತಿರ ಕೊಳ್ಳಲೇಬೇಡಿ.

ಪಂಜರ 2 ಅಡಿ ಅಗಲ, 2 ಅಡಿ ಉದ್ದ, 4 ಅಡಿ ಎತ್ತರ. ನಾಲ್ಕೂ ಕಡೆ ಜಾಲರಿ. ಗಾಜಿನ ಪೆಟ್ಟಿಗೆ ನಮ್ಮ ಊರಿಗೆ ಆಗಿಬರಲ್ಲ, ಒಳಗೆ ಗಾಳಿ ಬೇಯುತ್ತೆ. ಆರ್‌ಸಿಸಿ ಛಾವಣಿ ರಾತ್ರಿಯಿಡೀ ಬಿಸಿ ಬಿಡುವುದರಿಂದ ಮಹಡಿ ಮೇಲಿನ ಕೋಣೆ ಬೇಡ ಅಂತ ತೀರ್ಮಾನಿಸಿ, ಕೆಳಗಿನ ಮನೆಯಲ್ಲಿ ಉತ್ತರದ ಕಿಟಕಿ ಪಕ್ಕ ಇಟ್ಟಿದ್ದೇನೆ. ಎತ್ತರದ ಸ್ಟ್ಯಾಂಡ್ ಮೇಲೆ, ಯಾಕಂದ್ರೆ ನಮ್ಮ ತಲೆಗಿಂತ ಮೇಲಿದ್ದರೆ ಅದಕ್ಕೆ ಭಯ ಕಡಿಮೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಇರುವೆ ಹತ್ತೋದಿಲ್ಲ. ಒಳಗೆ ದಾಸವಾಳದ ಗಿಡ ಇಟ್ಟಿದ್ದೇನೆ. ಈ ಜಾತಿ ಎಲೆಯನ್ನೂ ತಿನ್ನುತ್ತೆ, ಹಾಗಾಗಿ ಕಣಗಿಲೆಯಂಥ ವಿಷದ ಗಿಡ ಹತ್ತಿರಕ್ಕೂ ಬರಬಾರದು.

ಬಿಸಿಲಿಗೆ ಕೂರೋ ಕೊಂಬೆಯ ಹತ್ತಿರ 30 ಡಿಗ್ರಿ ಆಸುಪಾಸು ಸಾಕು, ಉಳಿದ ಜಾಗ ಅದಕ್ಕಿಂತ ತಂಪಾಗಿರಬೇಕು. ಲ್ಯಾಂಪ್ ನಾನು ಹಚ್ಚೋದು ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಮಾತ್ರ, ಅದೂ ಜಾಲರಿಯ ಹೊರಗಡೆ. ಒಳಗಿದ್ದರೆ ಗೋಸುಂಬೆ ಅದರ ಮೇಲೇರಿ ಮೈ ಸುಟ್ಟುಕೊಳ್ಳುತ್ತೆ. ಯುವಿಬಿ ಟ್ಯೂಬ್, ಅಂದ್ರೆ ಬಿಸಿಲಿನಲ್ಲಿರೋ ನೇರಳಾತೀತ ಕಿರಣ ಕೊಡೋ ದೀಪ, ಮಾತ್ರ ವರ್ಷವಿಡೀ ಬೇಕು. ಕಿಟಕಿ ಗಾಜು ಆ ಕಿರಣವನ್ನು ತಡೆಯುತ್ತೆ, ಆದ್ದರಿಂದ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ. ಬೆಳಗ್ಗೆ ಎಳೆ ಬಿಸಿಲಿಗೆ ಪಂಜರವನ್ನು ಹೊರಗಿಟ್ಟಾಗ ಅರ್ಧ ಭಾಗಕ್ಕೆ ನೆರಳು ಮಾಡಿ, ಪಕ್ಕದಲ್ಲೇ ಕೂರುತ್ತೇನೆ. ಬೆಕ್ಕು, ಕಾಗೆ ಎರಡಕ್ಕೂ ಆಸೆ ಜಾಸ್ತಿ.

ಬಿಸಿ ಹೆಚ್ಚಾಗಿದೆ ಅಂತ ಅದರ ಮೈಯೇ ಹೇಳುತ್ತೆ. ಬಣ್ಣ ಬಿಳಿಚಿಕೊಂಡು ಬಾಯಿ ತೆರೆದು ಕೂತಿದ್ದರೆ ತಡ ಮಾಡಬಾರದು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತೇನೆ, ಕೂಲರ್ ಹಾಕುತ್ತೇನೆ. ಕೂಲರ್ ಗಾಳಿ ನೇರವಾಗಿ ಬೀಸದ ಹಾಗೆ ಗೋಡೆ ಕಡೆ ತಿರುಗಿಸಬೇಕು. ಕರೆಂಟ್ ಹೋದರೂ ಗೋಣಿಚೀಲ ಕೆಲಸ ಮಾಡ್ತಾ ಇರುತ್ತೆ.

ನೀರಿನ ವಿಷಯಕ್ಕೆ ಬರೋಣ. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸೋದೇ ಇಲ್ಲ. ಎಲೆ ಮೇಲೆ ಹೊಳೆಯುವ ಹನಿ ಬೇಕು. ಮೆಡಿಕಲ್ ಶಾಪಿನಲ್ಲಿ ಹೊಸ ಸಲೈನ್ ಸೆಟ್ ತಂದು, ಮೇಲೆ ಬಾಟಲಿ ಕಟ್ಟಿ, ಹನಿ ಹನಿಯಾಗಿ ದಾಸವಾಳದ ಎಲೆ ಮೇಲೆ ಬೀಳುವ ಹಾಗೆ ಚಕ್ರ ತಿರುಗಿಸಿ ಇಟ್ಟಿದ್ದೇನೆ. ಮೊದಲು ಒಂದು ಕಣ್ಣು ಹನಿ ಕಡೆ ತಿರುಗುತ್ತೆ, ಇನ್ನೊಂದು ಕಣ್ಣು ನನ್ನ ಮೇಲೇ ಇರುತ್ತೆ. ಆಮೇಲೆ ಮೆಲ್ಲಗೆ ಮುಂದೆ ಬಂದು ಎಲೆಯ ತುದಿಗೆ ಬಾಯಿ ಹಚ್ಚುತ್ತೆ, ಗಂಟಲು ಏರಿಳಿಯೋದು ಕಾಣುತ್ತೆ. ಬೋರ್ ನೀರು ಹಾಕಿದರೆ ಎಲೆ ಮೇಲೆ ಬಿಳಿ ಕಲೆ ಕೂರುತ್ತೆ, ಸ್ಪ್ರೇ ಬಾಯಿ ಕಟ್ಟುತ್ತೆ. ಕ್ಯಾನಿನ ಫಿಲ್ಟರ್ ನೀರೇ ಒಳ್ಳೇದು. ಬೆಳಗ್ಗೆ, ಸಂಜೆ ಸ್ಪ್ರೇ ಮಾಡುತ್ತೇನೆ, ನಡುವೆ ಎಲೆ ಒಣಗಲು ಬಿಡಬೇಕು. ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದರೆ, ಕಣ್ಣು ಒಳಗೆ ಹೋದರೆ, ನೀರು ಸಾಲದು ಅಂತ ಅರ್ಥ.

ಆಹಾರಕ್ಕೆ ಹೊಲದ ಮಿಡತೆ ಪುಕ್ಕಟೆ ಸಿಗುತ್ತೆ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ, ಭತ್ತ ಎಲ್ಲಕ್ಕೂ ಔಷಧಿ ಹೊಡೀತಾರೆ. ಆ ವಿಷ ಮಿಡತೆಯ ಮೂಲಕ ಗೋಸುಂಬೆಗೆ ಹೋಗುತ್ತೆ. ಅದಕ್ಕೇ ಪ್ಲಾಸ್ಟಿಕ್ ಡಬ್ಬದಲ್ಲಿ ಮೊಟ್ಟೆ ಟ್ರೇ ಇಟ್ಟು ಕ್ರಿಕೆಟ್ ಹುಳ (ರಾತ್ರಿ ಕಿರ್ರೆನ್ನುವ, ಮಿಡತೆಯಂಥ ಹುಳ) ನಾನೇ ಬೆಳೆಸುತ್ತೇನೆ. ಹುಳದ ಹೊಟ್ಟೆಯಲ್ಲಿ ಇರೋದೇ ಗೋಸುಂಬೆಯ ಊಟ. ಹಾಕುವ ಹಿಂದಿನ ದಿನ ಹುಳಗಳಿಗೆ ನುಗ್ಗೆ ಸೊಪ್ಪು, ಕ್ಯಾರೆಟ್, ಜೋಳದ ಹಿಟ್ಟು ಕೊಡುತ್ತೇನೆ. ಪಾಲಕ್ ಬೇಡ, ಅದು ಸುಣ್ಣದಂಶ ಮೈಗೆ ಹತ್ತಲು ಬಿಡೋದಿಲ್ಲ. ಹುಳಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹಾಗೇ ತಿನ್ನಿಸ್ತಾ ಹೋದರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತೆ. ಆದ್ದರಿಂದ ಹುಳಕ್ಕೆ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿ ಸವರಿ ಹಾಕುತ್ತೇನೆ. ವಿಟಮಿನ್ ಡಿ3 ಸೇರಿದ ಪುಡಿ ತಿಂಗಳಿಗೆ ಎರಡು ಸಲ ಮಾತ್ರ. ದೊಡ್ಡದಾದ ಮೇಲೆ ದಿನ ಬಿಟ್ಟು ದಿನ ಊಟ ಸಾಕು. ಉಳಿದ ಕ್ರಿಕೆಟ್‌ಗಳನ್ನು ರಾತ್ರಿಯೊಳಗೆ ತೆಗೆಯಬೇಕು, ಮಲಗಿದಾಗ ಕಚ್ಚುತ್ತವೆ.

ಹೆಣ್ಣು ಸಾಕುವವರು ಇದನ್ನು ತಿಳಿದಿರಲೇಬೇಕು: ಗಂಡಿನ ಜೊತೆ ಸೇರದೇ ಇದ್ದರೂ ಅದು ಮೊಟ್ಟೆ ಇಡುತ್ತೆ. ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣ ಹೋಗಬಹುದು. ಬೆಳೆದ ಹೆಣ್ಣಿಗೆ ಊಟ ಮಿತವಾಗಿರಲಿ, ಮೊಟ್ಟೆಗಳ ಸಂಖ್ಯೆ ಕಡಿಮೆಯಾಗುತ್ತೆ. ಒಂದಡಿ ಆಳದ ಟಬ್ಬಿಗೆ ತೊಳೆದ ಮರಳು, ಮಣ್ಣು ಬೆರೆಸಿ ತುಂಬಿ ಯಾವಾಗಲೂ ಒಳಗೇ ಇಟ್ಟಿರುತ್ತೇನೆ. ಬೆರಳಲ್ಲಿ ಗೂಡು ತೋಡಿದರೆ ಕುಸಿಯದಷ್ಟು ತೇವ ಇರಬೇಕು. ಅದು ಕೆಳಗಿಳಿದು ನೆಲ ಕೆರೆಯಲು ಶುರು ಮಾಡಿದರೆ ಪಂಜರಕ್ಕೆ ಸೀರೆ ಹೊದಿಸಿ ಹೊರಗೆ ಬರುತ್ತೇನೆ. ಯಾರಾದರೂ ನೋಡ್ತಿದ್ದಾರೆ ಅನಿಸಿದರೆ ಅರ್ಧಕ್ಕೇ ಗುಂಡಿ ಬಿಟ್ಟುಬಿಡುತ್ತೆ. ಮೊಟ್ಟೆ ಇಟ್ಟು ಮೇಲೆ ಬಂದಾಗ ಸೊರಗಿರುತ್ತೆ. ಆಗ ಹನಿ ನೀರು ಹೆಚ್ಚು ಹೊತ್ತು ಬಿಟ್ಟು, ರೇಷ್ಮೆ ಸಾಕುವ ಪರಿಚಯದವರಿಂದ ತಂದ ಹುಳ ಕೊಡುತ್ತೇನೆ. ಅದು ಮೆತ್ತಗೆ, ನೀರಿನಂಶವೂ ಜಾಸ್ತಿ.