ಬ್ರಿಜಿಡ್ ಶಿಲುಬೆ, ಸೋಡಾ ಬ್ರೆಡ್: ಮಕ್ಕಳ ಜೊತೆ ಒಂದು ಐರಿಷ್ ಹಬ್ಬ

ಐರ್ಲೆಂಡಿನ ಹಬ್ಬವೆಂದರೆ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನ ಎಂದೇ ಹೆಚ್ಚಿನವರಿಗೆ ಗೊತ್ತು. ಆದರೆ ಮಕ್ಕಳ ಕೈಗೆ ಕೆಲಸ ಕೊಡಲು ಅಲ್ಲಿನ ಸಂತ ಮಹಿಳೆಯೊಬ್ಬಳ ಹೆಸರಿನ, ಫೆಬ್ರವರಿ 1ರ ಸೇಂಟ್ ಬ್ರಿಜಿಡ್ ದಿನವೇ ಮೇಲು. ಹಿಂದಿನ ಸಂಜೆ ಜೊಂಡಿನಿಂದ ಶಿಲುಬೆ ಹೆಣೆದು, ಮನೆಗೆ ಬೆಂಕಿ ತಗಲದಿರಲಿ ಎಂದು ಬಾಗಿಲ ಮೇಲೆ ಸಿಕ್ಕಿಸುವುದು ಅಲ್ಲಿನ ಪದ್ಧತಿ. 2023ರಿಂದ ಈ ಹಬ್ಬಕ್ಕೆ ಸರ್ಕಾರಿ ರಜೆಯೂ ಇದೆ.

ಹಸಿ ಜೊಂಡು ಸಿಕ್ಕರೆ ಅದೇ ಚೆಂದ; ಒಣಗಿದ್ದು ಮಡಚಿದೊಡನೆ ಸೀಳುತ್ತದೆ. ಚಿಕ್ಕ ಮಕ್ಕಳಿಗೆ 30 ಸೆಂ.ಮೀ. ಉದ್ದದ ಪೈಪ್ ಕ್ಲೀನರ್ (ಕರಕುಶಲಕ್ಕೆ ಬಳಸುವ, ನೂಲಿನ ಜುಂಗು ಹೊದ್ದ ತೆಳು ತಂತಿ) ಸುಲಭ, ಮಡಚಿದಲ್ಲೇ ನಿಲ್ಲುತ್ತದೆ. 13 ಬೇಕು. ಒಂದನ್ನು ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಅದರ ನಡುವಿಗೆ ಸುತ್ತಿ ಅರ್ಧಕ್ಕೆ ಮಡಚಿ. ಎರಡು ತುದಿಗಳೂ ಬಲಕ್ಕಿರಲಿ. ಈಗ ಇಡೀ ಹೆಣಿಗೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಆ ತುದಿಗಳು ಮೇಲಕ್ಕೆ ಬರುತ್ತವೆ. ಮೇಲೆ ನಿಂತ ಎಳೆಗಳನ್ನೆಲ್ಲ ಬಳಸಿ ಮೂರನೆಯದನ್ನು ಮಡಚಿ, ತುದಿ ಮತ್ತೆ ಬಲಕ್ಕೆ. ತಿರುಗಿಸಿ, ಮಡಚಿ, ನಡುವಿಗೆ ಒತ್ತಿ. ಹೀಗೆಯೇ ಕೊನೆಯವರೆಗೆ.

ಕೆಡುವುದು ಎರಡೇ ಕಡೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರೆ ನಡುವಿನ ಚೌಕ ಮೂಡುವುದಿಲ್ಲ. ಹೆಬ್ಬೆರಳನ್ನು ನಡುವಿನಿಂದ ತೆಗೆದರೆ ಎಲ್ಲ ಸಡಿಲ. ಹಾಗಾಗಿ ಮಗು ಮಡಚಲಿ, ನೀವು ಹಿಡಿದಿರಿ. ನಾಲ್ಕೂ ತೋಳುಗಳ ತುದಿಗೆ ದಾರ ಕಟ್ಟಿದ ಮೇಲೆಯೇ ಕತ್ತರಿಸಿ ಸಮ ಮಾಡಿ.

ಇನ್ನು ಯೀಸ್ಟ್ ಇಲ್ಲದೆ ಅಡುಗೆ ಸೋಡದಿಂದಲೇ ಉಬ್ಬುವ ಐರಿಷ್ ಸೋಡಾ ಬ್ರೆಡ್‌ಗೆ ಓವನ್ ಅನ್ನು ಮೊದಲೇ 200 ಡಿಗ್ರಿಗೆ ಕಾಯಿಸಿಡಿ. 225 ಗ್ರಾಂ ಮೈದಾ, ಅಡುಗೆ ಸೋಡ ಮತ್ತು ಉಪ್ಪು ತಲಾ ಅರ್ಧ ಟೀ ಚಮಚ ಸೇರಿಸಿ ಜರಡಿ ಹಿಡಿಯಿರಿ. ಸೋಡ ಗಂಟಾಗಿ ಉಳಿದರೆ ಆ ತುತ್ತು ಸೋಪಿನಂತಿರುತ್ತದೆ. ಹುಳಿ ಮೊಸರು 120 ಮಿ.ಲೀ., ನೀರು 60 ಮಿ.ಲೀ. ಕಡೆದು ಸುರಿಯಿರಿ. ಐರ್ಲೆಂಡಿನಲ್ಲಿ ಹಾಕುವ ಹುಳಿ ಮಜ್ಜಿಗೆಯ ಬದಲಿಗೆ ಇದು; ನಮ್ಮ ನೀರುಮಜ್ಜಿಗೆ ತೀರಾ ತೆಳು, ಹುಳಿ ಸಾಲದು. ಚಪಾತಿ ಹಿಟ್ಟಿನಂತೆ ನಾದಬಾರದು, ಬ್ರೆಡ್ ಗಟ್ಟಿಯಾಗುತ್ತದೆ. ಹಿಟ್ಟು ಒಟ್ಟಾದರೆ ಸಾಕು. ಉಂಡೆ ಮಾಡಿ, ಮೇಲೆ ಆಳವಾಗಿ ಶಿಲುಬೆ ಗೀರಿ, ತಕ್ಷಣ 30–35 ನಿಮಿಷ ಬೇಯಿಸಿ. ಹುಳಿ ಸೋಕಿದ ಕ್ಷಣದಿಂದ ಸೋಡ ಕೆಲಸ ಶುರುಮಾಡುವುದರಿಂದ ತಡವಾದಷ್ಟೂ ಉಬ್ಬು ಕಮ್ಮಿ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಅದು ಬೇಯುವಷ್ಟರಲ್ಲಿ ಮಕ್ಕಳು ಬೆಣ್ಣೆ ತೆಗೆಯಲಿ. ಬ್ರಿಜಿಡ್ ಹೈನಿಗೂ ರಕ್ಷಕಿ. ಗಾಜಿನ ಬಾಟಲಿಯ ಅರ್ಧದವರೆಗೆ ಹಾಲಿನ ಕೆನೆ ತುಂಬಿ, ಮುಚ್ಚಳ ಬಿಗಿದು ಕುಲುಕಿಸಿ. ಕೇಕಿಗೆ ಹಚ್ಚುವ, ಹಾಲಿನದ್ದಲ್ಲದ ವಿಪ್ಪಿಂಗ್ ಕ್ರೀಮಿನಿಂದ ಬೆಣ್ಣೆ ಬರುವುದಿಲ್ಲ. ಮೊದಲು ಕೆನೆ ದಪ್ಪವಾಗಿ ಸದ್ದೇ ನಿಲ್ಲುತ್ತದೆ. ಮಕ್ಕಳು ಕೈಬಿಡುವುದು ಅಲ್ಲೇ. ಮುಂದುವರಿಸಿದರೆ ನೀರೊಡೆದು, ಹಳದಿ ಉಂಡೆ ಬಡಿಯತೊಡಗುತ್ತದೆ. ತಣ್ಣೀರಲ್ಲಿ ತೊಳೆದು ಚಿಟಿಕೆ ಉಪ್ಪು ಬೆರೆಸಿ. ಉಳಿದ ನೀರನ್ನು ಮುಂದಿನ ಬ್ರೆಡ್‌ಗೆ ಬಳಸಬೇಡಿ: ಸಿಹಿ ಕೆನೆಯಿಂದ ಬಂದದ್ದಕ್ಕೆ ಹುಳಿಯಿಲ್ಲ, ಸೋಡ ಏಳುವುದಿಲ್ಲ.