ಬ್ಯಾಂಡ್ ನಾಯಕನ ದರ್ಪವನ್ನು ನಾನು ನಿಭಾಯಿಸಿದ ಬಗೆ

ನಮ್ಮ ಶಾಲೆಯ ಬ್ಯಾಂಡ್‌ನಲ್ಲಿ ಸೈಡ್ ಡ್ರಮ್ ನುಡಿಸುವ ನನ್ನನ್ನು, ಡ್ರಮ್ ಮೇಜರ್ (ಬ್ಯಾಂಡ್ ಮುನ್ನಡೆಸುವ ನಾಯಕ) ಆಗಿರುವ ಹಿರಿಯ ವಿದ್ಯಾರ್ಥಿಯು ತಾಳ ತಪ್ಪಿದಾಗಲೆಲ್ಲ ಎಲ್ಲರೆದುರು ನಿಲ್ಲಿಸಿ ಗದರಿಸುತ್ತಿದ್ದನು. ನೀರು ಕುಡಿಯಲು ಹೋಗುವುದಕ್ಕೂ ಅವನ ಅಪ್ಪಣೆ ಬೇಕಿತ್ತು. ಎದುರುತ್ತರ ಕೊಟ್ಟು ನೋಡಿದೆ, ಗದರಿಕೆ ಇಮ್ಮಡಿಯಾಯಿತು. ಆಮೇಲೆ ಮೆಟ್ರೊನೋಮನ್ನು (ಸಮಾನ ವೇಗದಲ್ಲಿ ಟಿಕ್‌ಟಿಕ್ ಎಂದು ತಾಳ ತೋರಿಸುವ ಸಾಧನ) ನಿಮಿಷಕ್ಕೆ 120 ಹೆಜ್ಜೆಗಳ ವೇಗಕ್ಕೆ ಇಟ್ಟುಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ, ನನ್ನ ತಪ್ಪೆಷ್ಟು, ಅವನ ಹಟವೆಷ್ಟು ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ. (ತಿರುವುಗಳಲ್ಲಿ ನನ್ನ ತಾಳ ನಿಜಕ್ಕೂ ಓಡುತ್ತಿತ್ತು.) ಬಳಿಕ ಅವನೊಬ್ಬನೇ ಇದ್ದಾಗ, “ಅಣ್ಣಾ, ತಪ್ಪಿದ್ದರೆ ಅಭ್ಯಾಸ ಮುಗಿದ ಮೇಲೆ ಹೇಳಿ, ತಿದ್ದಿಕೊಳ್ಳುತ್ತೇನೆ” ಎಂದು ಕೇಳಿಕೊಂಡೆ. ನೀರಿನ ವಿಷಯವನ್ನು ಮಾತ್ರ ದಿನಾಂಕಗಳ ಸಮೇತ ಬರೆದು ಬ್ಯಾಂಡ್ ಶಿಕ್ಷಕರಿಗೆ ಒಪ್ಪಿಸಿದೆ, ಏಕೆಂದರೆ ಅದು ವಿದ್ಯಾರ್ಥಿ ನಾಯಕನ ಅಧಿಕಾರಕ್ಕೆ ಸೇರಿದ್ದಲ್ಲ. ಅವರು ವಿರಾಮದ ವೇಳೆಯನ್ನು ತಾವೇ ನಿಗದಿಪಡಿಸಿದರು. ಅವನ ದನಿ ಈಗಲೂ ಜೋರೇ. ಆದರೆ ಸಾಲಿನಿಂದ ಹೊರಗೆ ನಿಲ್ಲಿಸಿ ಗದರಿಸುವುದು ನಿಂತಿದೆ.