ಪಿ0171: ತೆಳು ಮಿಶ್ರಣದ ಮೂಲ ಸಿಕ್ಕಿದ ಬಗೆ

ನನ್ನ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತ್ತು. ನಿಂತಲ್ಲಿ ಎಂಜಿನ್ ವೇಗ ಏರಿಳಿಯುತ್ತಿತ್ತು, ಹೆದ್ದಾರಿಯಲ್ಲಿ ಮಾತ್ರ ಯಾವ ತೊಂದರೆಯೂ ಇರಲಿಲ್ಲ. ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸಾಧನ) ತೋರಿಸಿದ ಕೋಡ್ ಪಿ0171, ಅಂದರೆ ಬ್ಯಾಂಕ್ 1ರಲ್ಲಿ (ಒಂದನೇ ಸಿಲಿಂಡರ್ ಇರುವ ಬದಿಯಲ್ಲಿ) ಗಾಳಿಗೆ ತಕ್ಕಷ್ಟು ಇಂಧನವಿಲ್ಲ, ಮಿಶ್ರಣ ತೆಳು.

ಆಕ್ಸಿಜನ್ ಸೆನ್ಸರ್ ಬದಲಿಸಿದ್ದು, ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರನ್ನು ಅದರದೇ ಸ್ಪ್ರೇಯಿಂದ ಶುಚಿಗೊಳಿಸಿದ್ದು, ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಸುರಿದದ್ದು, ಯಾವುದೂ ಫಲಿಸಲಿಲ್ಲ. ಅಳಿಸಿದ ಕೋಡ್ ಮರಳುತ್ತಲೇ ಇತ್ತು.

ದಾರಿ ತೋರಿಸಿದ್ದು ಫ್ಯೂಯೆಲ್ ಟ್ರಿಮ್, ಅಂದರೆ ಮಿಶ್ರಣ ಸರಿಪಡಿಸಲು ಎಂಜಿನ್ ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆರಿಸಿ, ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಶಾರ್ಟ್ ಟರ್ಮ್ (ಕ್ಷಣಕ್ಷಣದ) ಮತ್ತು ಲಾಂಗ್ ಟರ್ಮ್ (ಕಾಲಕ್ರಮದಲ್ಲಿ ಕಲಿತ) ಟ್ರಿಮ್‌ಗಳನ್ನು ಕೂಡಿಸಿ ನೋಡಿದಾಗ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) +24% ಇದ್ದದ್ದು, 2500 ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿದಾಗ +5%ಕ್ಕೆ ಇಳಿಯಿತು. ಐಡಲ್‌ನಲ್ಲಿ ಥ್ರಾಟಲ್ (ಗಾಳಿ ಒಳಬಿಡುವ ಕವಾಟ) ಬಹುಮಟ್ಟಿಗೆ ಮುಚ್ಚಿರುವುದರಿಂದ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ನಿರ್ವಾತ ಹೆಚ್ಚು, ಒಟ್ಟು ಗಾಳಿ ಕಡಿಮೆ. ಆದ್ದರಿಂದ ಎಂಎಎಫ್ ಅಳೆಯದೆ ಸೋರಿಕೆಯಿಂದ ನುಸುಳುವ ಗಾಳಿಯ ಪಾಲು ಅಲ್ಲಿಯೇ ದೊಡ್ಡದಾಗಿ ಕಾಣುತ್ತದೆ. ಇಂಧನ ಪಂಪ್ ದುರ್ಬಲವಾಗಿದ್ದರೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ, ಲೋಡ್ ಹೆಚ್ಚಿದಂತೆ ಟ್ರಿಮ್ ಏರುತ್ತದೆ. (ಎಂಎಎಫ್ ಇಲ್ಲದೆ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಮಾತ್ರ ಇರುವ ಕಾರುಗಳಿಗೆ ಈ ತರ್ಕವನ್ನು ಹಾಗೆಯೇ ಅನ್ವಯಿಸಬಾರದು.)

ಮುಂದಿನದು ಸೋರುವ ಜಾಗ ಹುಡುಕುವ ಹೊಗೆ ಪರೀಕ್ಷೆ. ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಎಂಎಎಫ್ ನಂತರದ ಗಾಳಿಯ ಕೊಳವೆಯನ್ನು ಮುಚ್ಚಿ, ಬ್ರೇಕ್ ಬೂಸ್ಟರಿಗೆ ಹೋಗುವ ನಿರ್ವಾತ ಹೋಸ್ ಬಿಚ್ಚಿ, ಮ್ಯಾನಿಫೋಲ್ಡ್ ಕಡೆಯ ತುದಿಯಿಂದ ಕಡಿಮೆ ಒತ್ತಡದಲ್ಲಿ ಹೊಗೆ ಬಿಡಿಸಿದೆ. ಪಿಸಿವಿ ಹೋಸ್ (ಎಂಜಿನ್ನಿನ ಒಳಗಿನ ಅನಿಲವನ್ನು ಮ್ಯಾನಿಫೋಲ್ಡಿಗೆ ಮರಳಿಸುವ ಕೊಳವೆ) ಬಾಗುವ ಜಾಗದ ಅಡಿಭಾಗದಿಂದ ಹೊಗೆ ಹೊರಬಂತು. ಮೇಲಿನಿಂದ ನೋಡಿದರೆ ಆ ಬಿರುಕು ಕಾಣುವಂತಿರಲಿಲ್ಲ. ಹೋಸನ್ನೂ ಕ್ಲಿಪ್‌ಗಳನ್ನೂ ಬದಲಿಸಿ, ಆಮೇಲೆ ಕೋಡ್ ಅಳಿಸಿ, ಎಂಜಿನ್ ಬಿಸಿಮಾಡಿ ಮತ್ತೆ ಅಳೆದಾಗ ಐಡಲ್‌ನಲ್ಲೂ ಒಟ್ಟು ಟ್ರಿಮ್ +3% ದಾಟಲಿಲ್ಲ. ದೀಪ ಮತ್ತೆ ಹೊತ್ತಿಲ್ಲ.